ಕಡತದಲ್ಲಿ ಅಳಿದ ಒಂದು ಸಾಲು

ಈ ವರ್ಷದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ವಾಡಿಕೆಯಂತೆ ಸಂಧಿ ಸಮಾಸಗಳ ಮೇಲೋ ಷಟ್ಪದಿಯ ಗಣವಿನ್ಯಾಸದ ಮೇಲೋ ನಾಲ್ಕು ಪುಟ ಬರೆದು ಒಪ್ಪಿಸುವುದು ನನಗೆ ಸುಲಭವಾಗಿತ್ತು. ಹಿಂದಿನ ಹಲವು ಸಂಚಿಕೆಗಳಲ್ಲಿ ಹಾಗೆಯೇ ಮಾಡಿದ್ದೇನೆ. ವಾಚಕರೂ ಸಹನೆಯಿಂದ ಓದಿದ್ದಾರೆ. ಆದರೆ ಈ ಸಲ ಸಂಚಿಕೆಯ ಮುಖಪುಟದಲ್ಲಿ ನಮ್ಮ ಹೊಸ ಪ್ರಸಾದ ನಿಲಯದ ಚಿತ್ರವನ್ನು ಅಚ್ಚುಹಾಕಿಸುವರೆಂದು ತಿಳಿದ ಮೇಲೆ ಬೇರೊಂದು ವಿಷಯವನ್ನು ಬರೆಯಲು ಲೇಖನಿ ಏಳಲಿಲ್ಲ. ಆ ಕಟ್ಟಡದ ಎಂಟು ತೊಲೆಗಳ ವಿಷಯದಲ್ಲಿ ನನ್ನಿಂದ ಒಂದು ಅಪರಾಧ ನಡೆದಿದೆ. ಅದನ್ನು ಬಲ್ಲವರು ನಾನು ಮತ್ತು ನನ್ನ ಶಿಷ್ಯನೊಬ್ಬ, ಇಬ್ಬರೇ. ಅವನಾದರೋ ಎಂದೂ ಬಾಯಿಬಿಟ್ಟು ಹೇಳುವವನಲ್ಲ. ಆದಕಾರಣ ನಾನೇ ಹೇಳುವುದು ಯುಕ್ತವೆಂದು ತೋರಿತು.

ಕನ್ನಡ ಪಂಡಿತನಿಗೂ ಕಾಂಕ್ರೀಟಿನ ತೊಲೆಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಒದಗಿದ್ದು ಒಂದು ಕಡತದ ಮೂಲಕ.

ಈ ಶಾಲೆಯಲ್ಲಿಯೇ ಓದಿ, ಶ್ರೀಮಠದ ಪ್ರಸಾದದಲ್ಲಿಯೇ ಬೆಳೆದು, ಮುಂದೆ ಇಂಜಿನಿಯರಿಂಗ್ ಪದವಿ ಪಡೆದ ನನ್ನ ಆ ಶಿಷ್ಯನು ಈಗ ಹುಬ್ಬಳ್ಳಿಯಲ್ಲಿ ಕಟ್ಟಡಗಳ ವಿನ್ಯಾಸದ ಕಛೇರಿಯನ್ನು ನಡೆಸುತ್ತಿದ್ದಾನೆ. ಕೆಳಗೆ ಊಟದ ಶಾಲೆ, ಮೇಲೆ ಮಕ್ಕಳು ಮಲಗುವ ಕೋಣೆಗಳು ಎಂಬಂತೆ ಎರಡು ಅಂತಸ್ತಿನ ಹೊಸ ನಿಲಯವನ್ನು ಕಟ್ಟಿಸಬೇಕೆಂದು 2022ರಲ್ಲಿ ಪೂಜ್ಯರು ಸಂಕಲ್ಪಿಸಿದಾಗ, ಅದರ ಲೆಕ್ಕಾಚಾರವನ್ನೂ ನಕ್ಷೆಗಳನ್ನೂ ಆತ ಸೇವೆಯೆಂದು ಕೈಗೊಂಡ. ಏಪ್ರಿಲ್ ತಿಂಗಳಿನ ಒಂದು ಭಾನುವಾರ ನಿವೇಶನವನ್ನು ನೋಡಲು ಬಂದವನು ಶಾಲೆಯ ಕಛೇರಿಯ ಗಣಕಯಂತ್ರದಲ್ಲಿ ತನ್ನ ಕಡತವೊಂದನ್ನು ತೆರೆದಿಟ್ಟು, ಅದರ ತಲೆಬರಹದಲ್ಲಿ ಸಂಸ್ಥೆಯ ಹೆಸರು ಇಂಗ್ಲಿಷಿನಲ್ಲಿ ಸರಿಯಾಗಿದೆಯೇ ಎಂದು ನೋಡಿ ಹೇಳಬೇಕೆಂದು ನನ್ನನ್ನು ಕೇಳಿಕೊಂಡು ಹೊರಗೆ ಹೋದ. ನೋಡಿ ಹೇಳಿರೆಂದನೇ ಹೊರತು ತಿದ್ದಿರೆಂದು ಅವನು ಹೇಳಲಿಲ್ಲ. ಈ ಭೇದವು ನನಗೆ ಅಂದು ತೋಚಲಿಲ್ಲ.

ಇಲ್ಲಿ ಆ ಕಡತವೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಇಂದು ಕಟ್ಟಡದ ಬಲಾಬಲವನ್ನು ಲೆಕ್ಕಹಾಕುವುದು ಹೆಚ್ಚಾಗಿ ಗಣಕಯಂತ್ರದ ತಂತ್ರಾಂಶಗಳು. ಕಟ್ಟಡ ಹೇಗಿದೆಯೆಂಬುದನ್ನು ಅವಕ್ಕೆ ಯಾರಾದರೂ ಹೇಳಬೇಕಷ್ಟೆ. ಹಾಗೆ ಹೇಳುವ ಬರಹವೇ ದತ್ತ ಕಡತ. ಹಲವು ತಂತ್ರಾಂಶಗಳಲ್ಲಿ ಅದು ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರಗಳ ಬರಹ. ಮೊದಲು ಅಳತೆಯ ಮಾನ: ಉದ್ದಕ್ಕೆ ಮೀಟರೋ ಮಿಲಿಮೀಟರೋ, ಬಲಕ್ಕೆ ಕಿಲೋನ್ಯೂಟನ್ನೋ ಮತ್ತೊಂದೋ. ಅನಂತರ ಸಂಧಿಬಿಂದುಗಳು: ಒಂದೊಂದಕ್ಕೂ ಒಂದು ಸಂಖ್ಯೆ, ಅದರ ಮುಂದೆ ಅದು ಇರುವ ಸ್ಥಾನವನ್ನು ತಿಳಿಸುವ ಮೂರು ಅಂಕೆಗಳು. ತರುವಾಯ ಯಾವ ಎರಡು ಬಿಂದುಗಳ ನಡುವೆ ಕಂಬವಿದೆ, ಯಾವುವುಗಳ ನಡುವೆ ತೊಲೆಯಿದೆ, ಅವುಗಳ ಅಗಲವೆಷ್ಟು, ಆಳವೆಷ್ಟು, ಯಾವ ದ್ರವ್ಯದಿಂದಾದವು, ನೆಲದಲ್ಲಿ ಎಲ್ಲಿ ಊರಿ ನಿಂತಿವೆ ಎಂಬ ವಿವರ. ಅದಾದ ಮೇಲೆ ಭಾರಗಳು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೊನೆಯಲ್ಲಿ ‘ವಿಶ್ಲೇಷಿಸು’ ಎಂಬ ಒಂದು ಆಜ್ಞೆ. ನಾಮಪದಗಳನ್ನು ಮೊದಲಿಟ್ಟು, ಅವುಗಳ ಸಂಬಂಧವನ್ನು ಹೇಳಿ, ಕ್ರಿಯಾಪದವನ್ನು ಕಡೆಗೆ ತರುವ ನಮ್ಮ ವಾಕ್ಯದಂತೆಯೇ ಇದರ ರಚನೆಯೂ ಇದೆಯಲ್ಲ ಎಂದು ನನಗೆ ಆಗ ಸಂತೋಷವಾಯಿತು. ಆ ಸಂತೋಷವೇ ಅನರ್ಥಕ್ಕೆ ಮೂಲ. ರಚನೆ ಅರ್ಥವಾದವನಿಗೆ ವಿಷಯವೂ ಅರ್ಥವಾಯಿತೆಂಬ ಭ್ರಮೆ ಹುಟ್ಟುವುದು ಸಹಜ.

ಈ ಬಗೆಯ ಬರಹಕ್ಕೆ ಅರವತ್ತು ವರ್ಷಗಳ ಚರಿತ್ರೆಯಿದೆಯೆಂಬುದನ್ನು ನಾನು ಅನಂತರ ಓದಿ ತಿಳಿದೆ. ಆರಂಭದಲ್ಲಿ ದತ್ತವನ್ನು 80 ಅಂಕಣಗಳ ದಪ್ಪ ಕಾಗದದ ಚೀಟಿಗಳ ಮೇಲೆ ರಂಧ್ರ ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದರು. ಇಂಥ ಅಂಕೆ ಇಂಥ ಅಂಕಣದಲ್ಲಿಯೇ ಬೀಳಬೇಕೆಂಬ ಕಟ್ಟುನಿಟ್ಟು. ಖಾಲಿ ಬಿಟ್ಟ ಅಂಕಣವನ್ನು ಯಂತ್ರವು ಸೊನ್ನೆಯೆಂದು ಓದುವ ಪದ್ಧತಿಯಿದ್ದಲ್ಲಿ, 12 ಎಂಬುದು ಒಂದು ಅಂಕಣ ಎಡಕ್ಕೆ ಜಾರಿದರೆ 120 ಆಗಿಬಿಡುತ್ತಿತ್ತು. ಒಂದು ಮಾತ್ರೆ ಜಾರಿದರೆ ಪದ್ಯ ಕೆಡುವುದನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ಇಲ್ಲಿ ಕೆಡುವುದು ತೊಲೆ. 1964ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವನ್ ಫೆನ್ವೆಸ್ ಮತ್ತು ಸಂಗಡಿಗರು ‘ಸ್ಟ್ರೆಸ್’ ಎಂಬ ವ್ಯವಸ್ಥೆಯನ್ನು ಹೊರತಂದು, ಇಂಜಿನಿಯರನು ತನ್ನ ವೃತ್ತಿಯ ಮಾತುಗಳಲ್ಲಿಯೇ ಯಂತ್ರಕ್ಕೆ ದತ್ತವನ್ನು ಹೇಳಬಹುದಾದ ದಾರಿಯನ್ನು ತೆರೆದರು. 1970ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ಎಡ್ವರ್ಡ್ ವಿಲ್ಸನ್ ತಮ್ಮ ತಂತ್ರಾಂಶಕ್ಕೆ ‘ಸ್ಯಾಪ್’ ಎಂದು ಹೆಸರಿಟ್ಟರು. ಆಂಗ್ಲರ ಆಡುಮಾತಿನಲ್ಲಿ ಆ ಶಬ್ದಕ್ಕೆ ದಡ್ಡನೆಂದು ಅರ್ಥ. ಯಂತ್ರಕ್ಕೆ ಬುದ್ಧಿಯಿಲ್ಲ, ಫಲಿತಾಂಶದ ಹೊಣೆ ಬಳಸುವವನದೇ ಎಂಬುದನ್ನು ನೆನಪಿಸಲೆಂದೇ ಅವರು ಆ ಹೆಸರನ್ನು ಆರಿಸಿದರಂತೆ. ತನ್ನ ಕೃತಿಗೆ ತಾನೇ ದಡ್ಡನೆಂದು ಹೆಸರಿಡುವ ವಿನಯ ನಮ್ಮ ವಿದ್ವಾಂಸರಲ್ಲಿ ವಿರಳ.

ಅದಿರಲಿ. ಶಿಷ್ಯನು ಹೊರಗೆ ಹೋದ ಮೇಲೆ ನಾನು ಆ ಬರಹವನ್ನು ನಮಗೆ ರೂಢಿಯಿರುವ, ಪತ್ರಗಳನ್ನು ಬರೆಯುವ ತಂತ್ರಾಂಶದಲ್ಲಿ ತೆರೆದೆ. ಸಂಸ್ಥೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ತಿದ್ದಿದೆ. ಅಲ್ಲಿಗೆ ಕೈ ನಿಲ್ಲಬೇಕಾಗಿತ್ತು. ಮೂವತ್ತು ವರ್ಷ ಮುದ್ರಣದ ಕರಡಚ್ಚುಗಳನ್ನು ತಿದ್ದಿದ ಕಣ್ಣು ನಿಲ್ಲಗೊಡಲಿಲ್ಲ. ಸುಮಾರು ಮುನ್ನೂರು ಸಾಲುಗಳ ಆ ಬರಹವನ್ನು ಮೊದಲಿಂದ ಕಡೆಯವರೆಗೆ ಓದಿದೆ. ಒಂದು ಕಡೆ ಸಾಲಿನ ಅಂತ್ಯದಲ್ಲಿ ನಿಷ್ಕಾರಣವಾಗಿ ಒಂದು ಅಡ್ಡಗೆರೆಯಿತ್ತು. ಪದವನ್ನು ಒಡೆದು ಮುಂದಿನ ಸಾಲಿಗೆ ಒಯ್ಯುವಾಗ ಅಂಥ ಗೆರೆಯನ್ನು ಹಾಕುವುದುಂಟು. ಇಲ್ಲಿ ಒಡೆದ ಪದವೇ ಇರಲಿಲ್ಲ. ತೆಗೆದುಹಾಕಿದೆ. ಇನ್ನೊಂದು ಕಡೆ ಒಂದೇ ಸಾಲು, ಅಕ್ಷರಕ್ಕೆ ಅಕ್ಷರ, ಅಂಕೆಗೆ ಅಂಕೆ, ಎರಡು ಸಲ ಬಂದಿತ್ತು. ಲಿಪಿಕಾರರು ಬರೆಯುತ್ತ ಬರೆಯುತ್ತ ಕಣ್ಣು ಹಿಂದಕ್ಕೆ ಸರಿದು ಬರೆದುದನ್ನೇ ಮತ್ತೆ ಬರೆಯುವ ದೋಷವನ್ನು ಓಲೆಗರಿಗಳಲ್ಲಿ ನೂರಾರು ಕಡೆ ಕಂಡವನು ನಾನು. ಶಿಷ್ಯನ ಅವಸರಕ್ಕೆ ಮುಗುಳುನಕ್ಕು ಎರಡನೆಯ ಸಾಲನ್ನು ಅಳಿಸಿದೆ. ಕಡತವನ್ನು ಭದ್ರಪಡಿಸುವಾಗ ಅದೇ ಹೆಸರಿನ ಎರಡು ಕಡತಗಳು ಕಂಡವು. ಗೊಂದಲವಾದೀತೆಂದು ಹಳೆಯದನ್ನು ತೆಗೆದುಹಾಕಿದೆ. ಹೊಸದರ ಹೆಸರಿನ ಬಾಲ ಬೇರೆಯಾಗಿತ್ತು. ಅದನ್ನೂ ಹಿಂದಿನಂತೆಯೇ ತಿದ್ದಿಟ್ಟೆ. ಸಂಜೆ ಶಿಷ್ಯನು ಅದನ್ನು ತನ್ನ ಸಾಧನಕ್ಕೆ ತುಂಬಿಕೊಂಡು, ನನಗೆ ನಮಸ್ಕರಿಸಿ, ಹುಬ್ಬಳ್ಳಿಯ ಬಸ್ಸು ಹತ್ತಿದ.

ರಾತ್ರಿ ಹತ್ತಕ್ಕೆ ದೂರವಾಣಿ ಬಂದಿತು.

“ಗುರುಗಳೇ, ಫೈಲ್ ತೆರಿವಲ್ದ್ರಿ. ನೀವು ಏನರ ತಿದ್ದೀರೇನ್ರಿ?”

“ಹೌದಪಾ, ಶಾಲೀ ಹೆಸರು ತಿದ್ದೇನಿ. ಒಂದು ಅಕ್ಷರ ತಪ್ಪಿತ್ತು.”

ಮರುದಿನ ಮೊದಲ ಬಸ್ಸಿಗೇ ಆತ ಮರಳಿ ಬಂದ. ಕಛೇರಿಯ ಮೇಜಿನ ಮುಂದೆ ನನ್ನನ್ನು ಬಳಿಯಲ್ಲಿ ಕೂರಿಸಿಕೊಂಡು, ಕೆಟ್ಟ ಕಡತವನ್ನು ಪರೀಕ್ಷಿಸುವ ಕ್ರಮವನ್ನು ಒಂದೊಂದಾಗಿ ತೋರಿಸಿದ. ಹಿಂದೆ ಇದೇ ಕಟ್ಟಡದಲ್ಲಿ ನಾನು ಅವನಿಗೆ ವಿಭಕ್ತಿ ಪ್ರತ್ಯಯಗಳನ್ನು ಹೇಳಿಕೊಟ್ಟಿದ್ದೆ. ಈಗ ಹೇಳುವವನು ಅವನು, ಕೇಳುವವನು ನಾನು.

ಮೊದಲನೆಯದಾಗಿ ಕಡತವನ್ನು ಯಾವ ಅಲಂಕಾರವನ್ನೂ ಸೇರಿಸದ ಸಾದಾ ಬರಹದ ತಂತ್ರಾಂಶದಲ್ಲಿ ತೆರೆದ. ನಾನು ನಿನ್ನೆ ಓದಿದ ಸಾಲುಗಳೊಂದೂ ಅಲ್ಲಿರಲಿಲ್ಲ. ಮೊದಲಲ್ಲಿ ‘ಪಿ’, ‘ಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಆಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಪತ್ರ ಬರೆಯುವ ತಂತ್ರಾಂಶವು ಅಕ್ಷರಗಳ ಜೊತೆಗೆ ಅವುಗಳ ಗಾತ್ರ, ಪುಟದ ಅಂಚು ಮೊದಲಾದ ನೂರು ವಿವರಗಳನ್ನು ಸೇರಿಸಿ ಒಂದು ಗಂಟು ಕಟ್ಟಿಡುತ್ತದೆಯಂತೆ. ಹಾಗೆ ಗಂಟುಕಟ್ಟುವ ‘ಜಿಪ್’ ವಿಧಾನವನ್ನು ರೂಪಿಸಿದ ಫಿಲ್ ಕಟ್ಜ್ ಎಂಬವರ ಹೆಸರಿನ ಮೊದಲಕ್ಷರಗಳೇ ಆ ‘ಪಿ’, ‘ಕೆ’. ಹೆಸರಿನ ಬಾಲವನ್ನು ನಾನು ತಿದ್ದಿದ್ದರಿಂದ ಹೊರಗೆ ದತ್ತ ಕಡತದ ವೇಷ, ಒಳಗೆ ಬೇರೆ ಜೀವ. ಕಡತದ ಹೆಸರನ್ನು ನಂಬಬಾರದು, ಮೊದಲೆರಡು ಅಕ್ಷರಗಳನ್ನು ನೋಡಬೇಕು ಎಂಬುದು ಅವನ ಮೊದಲ ಪಾಠ. ಅದನ್ನು ಪತ್ರದ ತಂತ್ರಾಂಶದಲ್ಲಿಯೇ ಮತ್ತೆ ತೆರೆದು, ಸಾದಾ ಬರಹವಾಗಿ ಭದ್ರಪಡಿಸಿದಾಗ ಸಾಲುಗಳೆಲ್ಲ ಮರಳಿ ಬಂದವು.

ಎರಡನೆಯ ಸಲ ಯಂತ್ರವು ಕಡತವನ್ನು ಓದತೊಡಗಿ 187ನೆಯ ಸಾಲಿಗೆ ಬಂದು ನಿಂತಿತು. ಆ ಸಾಲಿನಲ್ಲಿ ದೋಷವಿದೆಯೆಂದು ಸಾರಿತು. ನೋಡಿದರೆ ಆ ಸಾಲು ನಿರ್ದೋಷವಾಗಿತ್ತು. “ಯಂತ್ರ ತೋರಿಸಿದ ಸಾಲಿನ ಹಿಂದಿನ ಸಾಲನ್ನೂ ನೋಡಬೇಕ್ರಿ” ಎಂದು ಶಿಷ್ಯನು 186ರ ಮೇಲೆ ಬೆರಳಿಟ್ಟ. ನಾನು ಅಡ್ಡಗೆರೆಯನ್ನು ತೆಗೆದುದು ಅಲ್ಲಿಯೇ. ಆ ಭಾಷೆಯಲ್ಲಿ ಸಾಲಿನ ಕೊನೆಯ ಅಡ್ಡಗೆರೆಗೆ ‘ಮಾತು ಮುಗಿದಿಲ್ಲ, ಮುಂದಿನ ಸಾಲಿಗೆ ಹರಿಯುತ್ತದೆ’ ಎಂದು ಅರ್ಥ. ಗೆರೆ ಹೋದುದರಿಂದ 186ನೆಯ ಸಾಲು ಅಲ್ಲಿಗೇ ಮುಗಿದು, 187ನೆಯದು ಕರ್ತೃವಿಲ್ಲದ ವಾಕ್ಯದಂತೆ ಅನಾಥವಾಯಿತು. ದೋಷ ಹುಟ್ಟುವ ಸ್ಥಳ ಒಂದು, ಓದುವವನು ಎಡವುವ ಸ್ಥಳ ಇನ್ನೊಂದು. ಇದು ಗ್ರಂಥಸಂಪಾದನೆಯಲ್ಲಿಯೂ ದಿನನಿತ್ಯದ ಅನುಭವ. ಆದರೂ ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಯಂತ್ರವು ಸ್ಥಳವನ್ನೇ ತೋರಿಸದೆ ಸುಮ್ಮನೆ ಮುಷ್ಕರ ಹೂಡಿದರೆ ಏನು ಮಾಡುವೆಯೆಂದು ಕೇಳಿದೆ. ಸಾಲಿನ ಮೊದಲಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನಿಟ್ಟರೆ ಯಂತ್ರವು ಅದನ್ನು ಟಿಪ್ಪಣಿಯೆಂದು ತಿಳಿದು ಓದದೆ ಮುಂದೆ ಹೋಗುವುದಂತೆ. ಭಾರಗಳ ಭಾಗದಲ್ಲಿ 64 ಸಾಲುಗಳಿದ್ದರೆ ಅರ್ಧಕ್ಕೆ ನಕ್ಷತ್ರವಿಟ್ಟು ಓಡಿಸುವುದು. ದೋಷ ಮಾಯವಾದರೆ ಅದು ನಕ್ಷತ್ರವಿಟ್ಟ ಅರ್ಧದಲ್ಲಿದೆ, ಮಾಯವಾಗದಿದ್ದರೆ ಉಳಿದರ್ಧದಲ್ಲಿದೆ. 32, 16, 8, 4, 2 ಎಂದು ಅರ್ಧ ಅರ್ಧ ಮಾಡುತ್ತ ಹೋದರೆ ಆರನೆಯ ಸಲಕ್ಕೆ ಒಂದೇ ಸಾಲು ಉಳಿಯುತ್ತದೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಬರಹದಲ್ಲಿ ಬಾಗಿದ ಉದ್ಧರಣ ಚಿಹ್ನೆ, ಮಾಮೂಲಿಗಿಂತ ಉದ್ದವಾದ ಅಡ್ಡಗೆರೆ, ಕಣ್ಣಿಗೆ ಕಾಣದ ವಿಶೇಷ ಅಂತರ ಇವು ನುಸುಳಿ ಬರುವುದುಂಟೆಂದೂ, ಅಂಥ ಸಾಲನ್ನು ದುರಸ್ತಿ ಮಾಡುವುದಕ್ಕಿಂತ ಪೂರ್ತಿ ಅಳಿಸಿ ಕೈಯಾರೆ ಹೊಸದಾಗಿ ಬರೆಯುವುದೇ ಲೇಸೆಂದೂ ತಿಳಿಸಿದ.

ಅಡ್ಡಗೆರೆಯನ್ನು ಮರಳಿ ಇಟ್ಟ ಮೇಲೆ ಯಂತ್ರವು ಕಡತವನ್ನು ಆದ್ಯಂತ ಓದಿ, ದೋಷಗಳ ಸಂಖ್ಯೆ ಸೊನ್ನೆಯೆಂದು ತಿಳಿಸಿತು. ಶಿಷ್ಯನು ಏಳುವ ಮೊದಲು ಒಂದು ಮಾತು ಕೇಳಿದ.

“ಇನ್ನ ಬ್ಯಾರೆ ಏನರ ತಿದ್ದೀರೇನ್ರಿ, ಗುರುಗಳೇ?”

“ಇಲ್ಲಪಾ” ಎಂದೆ.

ಈ ಲೇಖನವನ್ನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ನೆನಪಿರಲಿಲ್ಲವೆಂದರೆ ಸುಳ್ಳಾದೀತು. ಅಳಿಸಿದ ಸಾಲು ನೆನಪಿತ್ತು. ಆದರೆ ಪುನರುಕ್ತಿಯನ್ನು ತೆಗೆದುದು ತಪ್ಪಾದೀತೆಂದು ಮನಸ್ಸು ಒಪ್ಪಲಿಲ್ಲ. ಯಂತ್ರವೂ ಸೊನ್ನೆ ದೋಷವೆಂದು ಸಾಕ್ಷಿ ಹೇಳಿತ್ತು. ಅದಕ್ಕಿಂತ ಮಿಗಿಲಾಗಿ, ಒಂದೇ ಮುಂಜಾನೆಯಲ್ಲಿ ಶಿಷ್ಯನ ಮುಂದೆ ಎರಡು ಸಲ ತಪ್ಪಿತಸ್ಥನಾಗಿ ಕುಳಿತವನಿಗೆ ಮೂರನೆಯದನ್ನು ಹೇಳಲು ನಾಲಗೆ ಬರಲಿಲ್ಲ.

ಮೂರು ದಿನಗಳು ಕಳೆದವು. ಮೂರನೆಯ ದಿನ ಸಂಜೆ ಮತ್ತೆ ದೂರವಾಣಿ ಬಂದಿತು. ಯಂತ್ರ ಹೇಳಿದುದನ್ನು ಅಷ್ಟಕ್ಕೇ ನಂಬದೆ ಒಂದು ಕಾಗದದ ಮೇಲೆ ಒಟ್ಟು ಭಾರವನ್ನು ಕೈಲೆಕ್ಕದಲ್ಲಿ ಕೂಡಿಸಿ ನೋಡುವುದು ಅವನ ಪದ್ಧತಿ. ಕಟ್ಟಡದ ಮೇಲೆ ಎಷ್ಟು ಭಾರ ಹೇರಿದ್ದೇವೆಯೋ ಅಷ್ಟನ್ನೂ ನೆಲವು ಕಂಬಗಳ ಬುಡದಲ್ಲಿ ಮೇಲಕ್ಕೆ ಒತ್ತಿ ಹೊರಬೇಕು. ಹೇರಿದ್ದಕ್ಕೂ ಹೊತ್ತದ್ದಕ್ಕೂ ತಾಳೆಯಾಗಬೇಕು. ಗೋಡೆ, ಹಾಸು, ತೊಲೆ, ಕಂಬಗಳ ಸ್ಥಿರಭಾರವು ಅವನ ಕೈಲೆಕ್ಕದಲ್ಲಿ ಸುಮಾರು 5,220 ಕಿಲೋನ್ಯೂಟನ್. ಯಂತ್ರದ ಲೆಕ್ಕದಲ್ಲಿ ಕಂಬಗಳ ಬುಡಕ್ಕೆ ಬಂದುದು 4,835. ಸುಮಾರು 385 ಎಲ್ಲಿಗೋ ಹೋಗಿತ್ತು.

ಆತ ಆ 385ನ್ನು ಹಿಡಿದು ಕುಳಿತ. ಕಡತದಲ್ಲಿ 12 ಎಂಬ ಅಂಕೆ ಮೇಲಿಂದ ಮೇಲೆ ಬರುತ್ತಿತ್ತು. 230 ಮಿಲಿಮೀಟರ್ ದಪ್ಪದ, 2.6 ಮೀಟರ್ ಎತ್ತರದ ಇಟ್ಟಿಗೆಯ ಗೋಡೆ. ಒಂದು ಘನಮೀಟರಿಗೆ 20 ಕಿಲೋನ್ಯೂಟನ್ ತೂಕ ಹಿಡಿದರೆ ಪ್ರತಿ ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 12. 385ನ್ನು 12ರಿಂದ ಭಾಗಿಸಿದರೆ 32. ಮೂವತ್ತೆರಡು ಮೀಟರ್ ಎಂದರೆ ನಾಲ್ಕು ಮೀಟರಿನ ಎಂಟು ತೊಲೆಗಳು. ಊಟದ ಶಾಲೆಯ ಮೇಲೆ, ಮಲಗುವ ಕೋಣೆಗಳ ಗೋಡೆಗಳನ್ನು ಹೊರುವ ತೊಲೆಗಳೂ ಎಂಟೇ.

“ಗುರುಗಳೇ, ಊಟದ ಮನೀ ಮ್ಯಾಲಿನ ಗ್ವಾಡಿ ಭಾರ ಎಲ್ಲಿ ಹೋತೋ ತಿಳೀವಲ್ದ್ರಿ. ಮೂವತ್ತೆರಡು ಮೀಟರ್ ಗ್ವಾಡಿ.”

ನನ್ನ ಕೈಕಾಲು ತಣ್ಣಗಾದವು.

“ತಮ್ಮಾ, ಆ ಸಾಲು ನಾನೇ ತಗದೇನಿ. ಎರಡು ಸಲ ಬಂದಿತ್ತು ಅಂತ ತಗದೇನಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಂದ್ರ ಸಿಕ್ತು ಬಿಡ್ರಿ” ಎಂದ. ತುಸು ತಡೆದು, “ತಪ್ಪು ನಂದೂ ಐತ್ರಿ. ಯಾವ ಸಾಲು ಯಾತರದು ಅಂತ ನಾ ಬರದಿರಲಿಲ್ಲ” ಎಂದೂ ಸೇರಿಸಿದ.

ಆದದ್ದಿಷ್ಟು. ಆ ಎಂಟು ತೊಲೆಗಳು ಎರಡು ಬಗೆಯ ಭಾರವನ್ನು ಹೊರಬೇಕಾಗಿತ್ತು. ಕಾಂಕ್ರೀಟಿನ ಹಾಸು ಮತ್ತು ನೆಲಗಟ್ಟಿನ ಭಾರ ಒಂದು ಚದರ ಮೀಟರಿಗೆ 5ರಂತೆ, 2.4 ಮೀಟರ್ ಅಗಲಕ್ಕೆ ಮೀಟರೊಂದಕ್ಕೆ 12. ಗೋಡೆಯ ಭಾರವೂ ಮೀಟರೊಂದಕ್ಕೆ 12. ಎರಡೂ ಕಾಕತಾಳೀಯವಾಗಿ ಒಂದೇ ಅಂಕೆಯಾಗಿದ್ದರಿಂದ ಕಡತದಲ್ಲಿ ಒಂದೇ ಸಾಲು ಎರಡು ಸಲ ಬಂದಿತ್ತು. ಒಂದು ತೊಲೆಯ ಮೇಲೆ ಎರಡು ಸಲ ಹೇಳಿದ ಭಾರವನ್ನು ಯಂತ್ರವು ಕೂಡಿಕೊಳ್ಳುತ್ತದೆ. ನಾನು ಅಳಿಸಿದುದು ಪುನರುಕ್ತಿಯನ್ನಲ್ಲ, ಒಂದು ಗೋಡೆಯನ್ನು. 384 ಕಿಲೋನ್ಯೂಟನ್ ಎಂದರೆ ಸುಮಾರು 39 ಟನ್ನು. ಕ್ವಿಂಟಲು ತೂಗುವ ಜೋಳದ ಚೀಲ 390. ಅಷ್ಟು ಭಾರವು ಊಟದ ಶಾಲೆಯ ಮೇಲೆ ನಿಜವಾಗಿ ಕೂರಲಿತ್ತು. ಕಡತದಲ್ಲಿ ಮಾತ್ರ ಇರಲಿಲ್ಲ.

ಆದರೂ ಕಟ್ಟಡ ತಾಳುತ್ತಿತ್ತೇನೋ ಎಂದು, ನನ್ನ ಮನಸ್ಸಿನ ಸಮಾಧಾನಕ್ಕಾಗಿ ಕೇಳಿದೆ. ಶಿಷ್ಯನು ನನ್ನನ್ನು ಸಂತೈಸಲೆಂದು ಸುಳ್ಳು ಹೇಳಲಿಲ್ಲ. ವಿನ್ಯಾಸ ಮಾಡುವಾಗ ಲೆಕ್ಕದ ಭಾರವನ್ನು 1.5ರಿಂದ ಗುಣಿಸಿ ರಕ್ಷಣೆಯನ್ನಿಡುವುದು ನಮ್ಮ ದೇಶದ ಕಾಂಕ್ರೀಟು ಸಂಹಿತೆಯ ನಿಯಮ. ಆ ತೊಲೆಗಳ ಮೇಲೆ ಹಾಸು 12, ಗೋಡೆ 12, ತೊಲೆಯ ಸ್ವಂತ ತೂಕ 2.6, ಮಲಗುವ ಮಕ್ಕಳು ಮತ್ತು ಅವರ ಸಾಮಾನಿಗೆ ಸಂಹಿತೆಯಂತೆ ಚದರ ಮೀಟರಿಗೆ 2 ಹಿಡಿದು 4.8; ಒಟ್ಟು 31.4. ಗೋಡೆಯನ್ನು ಕಳೆದರೆ 19.4. ಇದನ್ನು 1.5ರಿಂದ ಗುಣಿಸಿದರೆ ಬರುವುದು 29.1 ಮಾತ್ರ. ಅಂದರೆ ರಕ್ಷಣೆಗೆಂದು ಇಟ್ಟ ಮೀಸಲನ್ನೆಲ್ಲ ಆ ಒಂದು ಸಾಲೇ ನುಂಗಿ, ಇನ್ನೂ ಹಸಿದಿರುತ್ತಿತ್ತು.

ಆತ ತನ್ನ ಕಛೇರಿಯಲ್ಲಿದ್ದ ಹತ್ತು ದಿನ ಹಿಂದಿನ ಪ್ರತಿಯನ್ನು ಹುಡುಕಿ ತೆಗೆದು, ಹೊಸದರೊಡನೆ ಸಾಲಿಗೆ ಸಾಲು ಹೋಲಿಸಿದ. ಹೀಗೆ ಎರಡು ಕಡತಗಳ ಭೇದವನ್ನು ತಾನೇ ಎತ್ತಿ ತೋರಿಸುವ ಉಪಕರಣವೂ ಇದೆ. ‘ಡಿಫ್’ ಎಂಬ ಅದರ ಆದಿರೂಪವು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ನಾವು ತಿಂಗಳುಗಟ್ಟಲೆ ಪಾಠಾಂತರ ಗುರುತಿಸುವ ಕೆಲಸವನ್ನು ಅದು ಕಣ್ಣೆವೆಯಿಕ್ಕುವಷ್ಟರಲ್ಲಿ ಮಾಡುತ್ತದೆ. ಅಳಿದ ಸಾಲು ಹಳೆಯ ಪ್ರತಿಯಲ್ಲಿ ಸುಖವಾಗಿತ್ತು. ಅದನ್ನು ತಂದು ಸ್ವಸ್ಥಾನದಲ್ಲಿಟ್ಟು, ಮೇಲೊಂದು ನಕ್ಷತ್ರ ಹಾಕಿ, ಇದು ಗೋಡೆಯ ಭಾರವೆಂದು ಬರೆದ. ಲೆಕ್ಕ ತಾಳೆಯಾಯಿತು. ತೊಲೆಗಳಿಗೆ ಬೇಕಾದ ಆಳವೂ ಉಕ್ಕೂ ದೊರೆತವು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಗುರುಗಳು ಓಲೆಗರಿಯ ಪ್ರತಿಯೊಂದನ್ನು ನಕಲು ಮಾಡಲು ಕೊಟ್ಟು ಮೂರು ಕಟ್ಟಳೆಗಳನ್ನು ವಿಧಿಸಿದ್ದರು. ಮೂಲಪ್ರತಿಯನ್ನು ಮುಟ್ಟದೆ ಕಾಪಾಡಬೇಕು. ತಿದ್ದಿದುದನ್ನು ಅಂಚಿನಲ್ಲಿ ಕಾಣುವಂತೆ ಬರೆಯಬೇಕು. ಅರ್ಥ ತಿಳಿಯದುದನ್ನು ತಿದ್ದಬಾರದು. ಮೂವತ್ತು ವರ್ಷ ನಾನು ಇದನ್ನೇ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇನೆ. ಆ ಭಾನುವಾರ ಅರ್ಧ ಗಂಟೆಯೊಳಗೆ ಮೂರನ್ನೂ ಮುರಿದಿದ್ದೆ. ಮೂಲಕಡತವನ್ನು ಅಳಿಸಿದೆ, ತಿದ್ದಿದ ಗುರುತನ್ನು ಎಲ್ಲಿಯೂ ಇಡಲಿಲ್ಲ, ಅರ್ಥ ತಿಳಿಯದ ಅಡ್ಡಗೆರೆಯನ್ನೂ ಸಾಲನ್ನೂ ತೆಗೆದುಹಾಕಿದೆ.

ಇಲ್ಲಿ ‘ಕಡತ’ ಎಂಬ ಶಬ್ದದ ಬಗೆಗೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇಂದು ಫೈಲಿಗೆ ಪರ್ಯಾಯವಾಗಿ ನಾವು ಬಳಸುವ ಈ ಪದವು ಹಿಂದೆ ಬೇರೊಂದು ವಸ್ತುವಿಗೆ ಹೆಸರಾಗಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ವರ್ತಕರೂ ಮಠಗಳವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಓಲೆಗರಿಯಲ್ಲಿ ಕಂಟದಿಂದ ಕೊರೆದುದನ್ನು ಹೊಡೆದುಹಾಕಿದರೆ ಗಾಯ ಉಳಿಯುತ್ತದೆ. ಬಿಟ್ಟುಹೋದುದನ್ನು ಸೇರಿಸಿದರೆ ಹಂಸಪಾದ ಉಳಿಯುತ್ತದೆ. ಕಡತದಲ್ಲಾದರೋ ಒರೆಸಿದರೆ ಮುಗಿಯಿತು. ಅಲ್ಲಿ ಏನಾದರೂ ಇತ್ತೆಂಬ ಗುರುತೂ ಇರದು. ಗಣಕಯಂತ್ರದ ಫೈಲಿಗೆ ಈ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಓಲೆಯನ್ನು ತಿದ್ದುವ ಎಚ್ಚರ ನನಗಿತ್ತು. ಕಡತವನ್ನು ತಿದ್ದುವ ಎಚ್ಚರ ಇರಲಿಲ್ಲ.

ನನ್ನ ಮೂರು ತಿದ್ದುಪಡಿಗಳಲ್ಲಿ ಯಂತ್ರವು ನಿರಾಕರಿಸಿದ ಎರಡರಿಂದ ಯಾರಿಗೂ ಕೇಡಾಗುತ್ತಿರಲಿಲ್ಲ. ಶಿಷ್ಯನಿಗೆ ಒಂದು ರಾತ್ರಿಯ ನಿದ್ರೆ, ಒಂದು ಬಸ್ಸಿನ ಖರ್ಚು, ಅಷ್ಟೆ. ಕೇಡು ಅಡಗಿದ್ದುದು ಯಂತ್ರವು ತಕರಾರಿಲ್ಲದೆ ಒಪ್ಪಿದ ಮೂರನೆಯದರಲ್ಲಿ. ಯಂತ್ರವು ವ್ಯಾಕರಣವನ್ನು ಮಾತ್ರ ನೋಡುತ್ತದೆ. ವ್ಯಾಕರಣ ಕೆಟ್ಟರೆ ಕೂಗುತ್ತದೆ. ಅರ್ಥ ಕೆಟ್ಟರೆ ಸುಮ್ಮನಿರುತ್ತದೆ.

ಇದು ನನ್ನಂಥ ಅಜ್ಞನಿಗೆ ಮಾತ್ರ ಒದಗುವ ವಿಪತ್ತಲ್ಲ. ನಾರ್ವೆ ದೇಶದಲ್ಲಿ ಸಮುದ್ರದಿಂದ ಅನಿಲ ತೆಗೆಯಲೆಂದು ‘ಸ್ಲೈಪ್ನರ್’ ಎಂಬ ಬೃಹತ್ ವೇದಿಕೆಗೆ ಕಾಂಕ್ರೀಟಿನ ತಳವನ್ನು ಕಟ್ಟಿದ್ದರು. ಒಂದಕ್ಕೊಂದು ಅಂಟಿದ 24 ಟೊಳ್ಳು ಕೋಶಗಳ ರಚನೆ. 1991ರ ಆಗಸ್ಟ್ 23ರಂದು ಸ್ಟಾವಂಗರ್ ನಗರದ ಬಳಿಯ ಕಡಲ ಕೊಲ್ಲಿಯಲ್ಲಿ ಅದನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದಾಗ, ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಬಿರಿದು, ಇಡೀ ರಚನೆ ಮುಳುಗಿ ನುಚ್ಚುನೂರಾಯಿತು. ಪುಣ್ಯವಶಾತ್ ಮೇಲಿದ್ದವರೆಲ್ಲ ಪಾರಾದರು. ನಷ್ಟ ಮಾತ್ರ 70 ಕೋಟಿ ಡಾಲರುಗಳಷ್ಟು. ಕಾರಣವನ್ನು ಶೋಧಿಸಿದಾಗ, ಗಣಕಯಂತ್ರಕ್ಕೆ ಗೋಡೆಗಳ ಸಂಧಿಯ ರೂಪವನ್ನು ತೀರ ಒರಟಾದ ಜಾಲರಿಯಾಗಿ ವರ್ಣಿಸಿದ್ದರಿಂದ ಅಲ್ಲಿನ ಕತ್ತರಿ ಬಲವು ಇರಬೇಕಾದುದಕ್ಕಿಂತ 47 ಪ್ರತಿಶತ ಕಡಿಮೆ ಬಂದಿತ್ತೆಂದೂ, ಗೋಡೆ ತೆಳುವಾಗಿ, ಉಕ್ಕಿನ ಹಿಡಿತ ಸಾಲದಾಗಿತ್ತೆಂದೂ ತಿಳಿದುಬಂದಿತು. ಹೆಚ್ಚು ಸೂಕ್ಷ್ಮವಾಗಿ ಮತ್ತೆ ಲೆಕ್ಕಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯುವುದೆಂದು ಉತ್ತರ ಬಂದಿತು. ಯಂತ್ರವು ಎರಡು ಸಲವೂ ತನಗೆ ಹೇಳಿದುದನ್ನು ಪ್ರಾಮಾಣಿಕವಾಗಿ ಲೆಕ್ಕಹಾಕಿತ್ತು.

ಅಳತೆಯ ಮಾನದ ವಿಷಯವೂ ಹೀಗೆಯೇ. 1999ರಲ್ಲಿ ಮಂಗಳಗ್ರಹಕ್ಕೆ ಹೋದ ಅಮೆರಿಕದ ನೌಕೆಯೊಂದು ನಷ್ಟವಾದುದು, ಒಂದು ತಂತ್ರಾಂಶವು ಪೌಂಡಿನ ಮಾನದಲ್ಲಿ ಕೊಟ್ಟ ಅಂಕೆಯನ್ನು ಇನ್ನೊಂದು ನ್ಯೂಟನ್ನಿನ ಮಾನವೆಂದು ತಿಳಿದುದರಿಂದ. ಅಂಕೆ ಅಂಕೆಯೇ ಆಗಿತ್ತು. ಯಾವ ಯಂತ್ರವೂ ಕೂಗಲಿಲ್ಲ.

ಆ ಘಟನೆಯಾದ ಮೇಲೆ ಶಿಷ್ಯನು ತನ್ನ ಕಛೇರಿಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾನೆ. ಪ್ರತಿದಿನದ ಕಡತಕ್ಕೂ ದಿನಾಂಕದೊಡನೆ ಬೇರೆ ಹೆಸರು. ಹಳೆಯದನ್ನು ಯಾರೂ ಅಳಿಸಕೂಡದು. ಪ್ರತಿಯೊಂದು ಭಾರದ ಸಾಲಿನ ಮೇಲೂ ಅದು ಯಾವುದರ ಭಾರವೆಂಬ ಟಿಪ್ಪಣಿ. ಯಂತ್ರವು ಸೊನ್ನೆ ದೋಷವೆಂದರೂ ಕೈಲೆಕ್ಕದೊಡನೆ ತಾಳೆ ನೋಡದೆ ನಕ್ಷೆ ಹೊರಹೋಗಕೂಡದು. ಕಟ್ಟಡವು ಭಾರಕ್ಕೆ ಬಾಗುವ ಚಿತ್ರವನ್ನು ಪರದೆಯ ಮೇಲೆ ಒಮ್ಮೆ ನೋಡಲೇಬೇಕು. ಭಾರಕ್ಕೆ ಹಿಂದಿರಬೇಕಾದ ಋಣಚಿಹ್ನೆಯೊಂದು ಬಿಟ್ಟುಹೋದರೂ ಗೋಡೆಯು ತೊಲೆಯನ್ನು ಮೇಲಕ್ಕೆ ಎತ್ತುತ್ತಿರುವಂತೆ ಕಾಣುವುದಂತೆ. ಯಾರಾದರೂ ಕಡತವನ್ನು ತಿದ್ದಿದರೆ ಏನನ್ನು, ಏಕೆ ಎಂದು ಅದರಲ್ಲಿಯೇ ಬರೆದು ಸಹಿ ಹಾಕಬೇಕು. ಇವೆಲ್ಲ ನನ್ನ ಗುರುಗಳ ಮೂರು ಕಟ್ಟಳೆಗಳಿಂದ ದೂರವೇನೂ ಇಲ್ಲ.

ನಾನು ಮಾಡಿಕೊಂಡ ನಿಯಮ ಒಂದೇ. ‘ಬೇರೆ ಏನಾದರೂ ತಿದ್ದಿದ್ದೀರಾ’ ಎಂದು ಯಾರಾದರೂ ಕೇಳಿದರೆ, ಸರಿಯೆಂದು ನಾನು ನಂಬಿದ ತಿದ್ದುಪಡಿಯನ್ನು ಮೊದಲು ಹೇಳುವುದು. ತಪ್ಪೆಂದು ತಿಳಿದುದನ್ನು ಮನುಷ್ಯನು ಇಂದಲ್ಲ ನಾಳೆ ಒಪ್ಪಿಕೊಳ್ಳುತ್ತಾನೆ. ಸರಿಯೆಂದು ನಂಬಿದುದನ್ನು ಹೇಳಬೇಕೆಂದೇ ಅವನಿಗೆ ತೋರುವುದಿಲ್ಲ. ಶಿಷ್ಯನು ಕಾಗದದ ಮೇಲೆ ಕೂಡಿಸಿ ನೋಡದೆ ಇದ್ದಿದ್ದರೆ ನನ್ನ ‘ಇಲ್ಲಪಾ’ ಎಂಬ ಮಾತು ಆ ಎಂಟು ತೊಲೆಗಳೊಳಗೆ ಸೇರಿಕೊಂಡು ಇಂದಿಗೂ ಅಲ್ಲಿರುತ್ತಿತ್ತು.

ಹೊಸ ನಿಲಯದಲ್ಲಿ ಮಕ್ಕಳು ಈಗ ವಾಸವಾಗಿದ್ದಾರೆ. ಪ್ರಾರ್ಥನೆ ಮುಗಿಸಿ ಊಟದ ಪಂಕ್ತಿಯಲ್ಲಿ ಅವರೊಡನೆ ಕುಳಿತಾಗ ನನ್ನ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ಸುಣ್ಣ ಬಳಿದ ಎಂಟು ತೊಲೆಗಳನ್ನು ಎಣಿಸುತ್ತೇನೆ. ಬಡಿಸುವ ಹುಡುಗರು ಪಂಡಿತರಿಗೆ ಜೇಡರ ಬಲೆ ಕಂಡಿತೆಂದು ತಿಳಿದು ಮರುದಿನ ಪೊರಕೆ ತಂದು ಗುಡಿಸುತ್ತಾರೆ. ಈ ಲೇಖನವನ್ನು ಓದಿದ ಮೇಲಾದರೂ ಅವರಿಗೆ ನಿಜವು ತಿಳಿಯಲಿ.